ಉಗ್ರಾಣದೊಳಗಿನ ಅಜಂತಾ

ಚಾಮರಾಜನಗರ
ತಾ. ೧೯-೫-೧೯೫೮

ಪ್ರೀತಿಯ ಅಕ್ಕಯ್ಯಾ,

ತಮ್ಮ ಶಾಂತಮಲ್ಲಪ್ಪನು ಮಾಡುವ ಶರಣು. ಮೊದಲು ನಿಮ್ಮ ಕೆಮ್ಮಿನ ಸಮಾಚಾರ ತಿಳಿಯಬೇಕು. ಶಿವರಾತ್ರಿ ಕಳೆದ ಮೇಲೆ ನಿಮ್ಮ ಮೈದುನರು ಮಳವಳ್ಳಿಯಿಂದ ಇತ್ತ ಬಂದಿದ್ದಾಗ, ಕೆಮ್ಮು ಹಿಡಿತಕ್ಕೆ ಬಂದಿದೆ, ಆದರೆ ಅತ್ತಿಗೆ ಊಟಕ್ಕೆ ಕೂತರೆ ತಟ್ಟೆಯನ್ನೇ ನೋಡುತ್ತ ಕೂತುಬಿಡುತ್ತಾರೆ, ಸಂಜೆ ಜಗಲಿಗೂ ಬರುವುದಿಲ್ಲ ಎಂದು ಹೇಳಿ ಹೋದರು. ಅವರ ಕೈಯಲ್ಲಿ ಕೊಟ್ಟು ಕಳಿಸಿದ ಜೇನುತುಪ್ಪ ಗುಂಡ್ಲುಪೇಟೆಯಾಚೆಯ ಮದ್ದೂರು ಕಾಡಿನದು, ಬೆಲ್ಲದ ಪಾಕ ಬೆರೆಸಿದ್ದಲ್ಲ. ಅದನ್ನು ನೀವು ಮೈದುನರ ಮಕ್ಕಳಿಗೆ ನೆಕ್ಕಿಸಿ, ಖಾಲಿ ಸೀಸೆಯನ್ನು ತೊಳೆದು ಗೂಡಿನಲ್ಲಿ ಇಟ್ಟಿರುತ್ತೀರಿ ಎಂಬುದು ನನಗೆ ಇಲ್ಲಿಂದಲೇ ಕಾಣುತ್ತದೆ. ಇನ್ನೊಂದು ಸೀಸೆ ಕಳಿಸುತ್ತೇನೆ. ಅದು ಮಾತ್ರ ನಿಮ್ಮ ಗಂಟಲಿಗೇ ಸೇರಬೇಕು. ಇಲ್ಲಿ ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಇವಳು ಹಪ್ಪಳ ಒಣಗಿಸಲು ಮಾಳಿಗೆಗೂ ಅಡುಗೆಮನೆಗೂ ಓಡಾಡುತ್ತ, ನಿಮಗೆ ತನ್ನ ಶರಣು ಬರೆಯಲು ಮರೆಯಬಾರದೆಂದು ಮಾಳಿಗೆಯಿಂದಲೇ ಕೂಗಿ ಹೇಳುತ್ತಿದ್ದಾಳೆ.

ಇನ್ನು ಸಂತೋಷದ ಸುದ್ದಿ. ಅಕ್ಕಯ್ಯಾ, ಮಕ್ಕಳಿಬ್ಬರೂ ಪಾಸಾದರು. ಯಾವ ಮಕ್ಕಳು ಎಂದು ನೀವು ಕೇಳುವುದು ನ್ಯಾಯವೇ. ಕಳೆದ ದೀಪಾವಳಿಯ ಹೊತ್ತಿಗೆ ನಿಮ್ಮ ಕನ್ನಡಿಯನ್ನು ಒಂದು ಪಾಠಕ್ಕೆ ಬೇಕೆಂದು ಕೇಳಿ ಬರೆದಾಗ, ಯಾವ ಪಾಠ, ಯಾರಿಗೆ ಎಂದು ನೀವು ವಿಚಾರಿಸಲೇ ಇಲ್ಲ. “ತಗೊಂಡೋಗು, ನಂಗ್ಯಾಕೆ ಅದು. ಒಡದ್ರೆ ಒಡೀಲಿ” ಎಂದಷ್ಟೇ ಮೈದುನರ ಮಗನ ಕೈಯಲ್ಲಿ ಬರೆಸಿದಿರಿ. ಆ ಮಾತು ನನ್ನ ಮನಸ್ಸಿನಲ್ಲಿ ಈವರೆಗೂ ಮುಳ್ಳಿನಂತೆ ಉಳಿದಿದೆ. ಆದರೂ ಆ ಅನುಮತಿಗೆ ನಾನು ಎಷ್ಟು ಋಣಿಯಾಗಿದ್ದೇನೆ ಎಂಬುದನ್ನು ಮೊದಲಿನಿಂದ ಹೇಳದೆ ತಿಳಿಸಲಾರೆ. ಸಾವಧಾನವಾಗಿ ಓದಿಸಿ ಕೇಳಿ.

ಮಕ್ಕಳಲ್ಲಿ ಒಬ್ಬಳು ಚೆನ್ನಾಜಮ್ಮ. ತೆರಕಣಾಂಬಿಯಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಪುಟ್ಟಬಸಪ್ಪನವರ ಮಗಳು. ಇನ್ನೊಬ್ಬ ಭೀಮನಬೀಡಿನ ಪುಟ್ಟಮಾದು. ಅವನ ತಂದೆ ತಾಯಿ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು. ಇಬ್ಬರೂ ನನ್ನ ಹತ್ತಿರ ಭೂಗೋಳ ಓದಿದವರೇ. ನಾನು ಕರಿಹಲಗೆಯ ಮೇಲೆ ಬರೆಯುತ್ತಿದ್ದ ಹಿಂದೂಸ್ಥಾನದ ನಕ್ಷೆಯನ್ನು ನೋಡಲಾರದೆ, ಒಂದು ದಿನ ಪುಟ್ಟಮಾದುವೇ ಎದ್ದು ಬಂದು, “ಸಾ, ಲಂಕೆ ಒಸಿ ದೂರ ಓಗ್ಬುಟ್ಟದೆ” ಎಂದು ಸೀಮೆಸುಣ್ಣ ತೆಗೆದುಕೊಂಡು ತಿದ್ದಿದ್ದ. ಚೆನ್ನಾಜಮ್ಮನ ಕೈಯಂತೂ ಅವನಿಗಿಂತ ನಯ. ಇಂಥ ಕೈಗಳು ಎಲೆ ಎಣಿಸುವುದರಲ್ಲಿ, ಕಳೆ ಕೀಳುವುದರಲ್ಲಿ ಮುಗಿದುಹೋಗಬಾರದೆಂದು, ಇಬ್ಬರಿಂದಲೂ ಡ್ರಾಯಿಂಗ್ ಮಾಸ್ತರರ ಪರೀಕ್ಷೆಗೆ ಖಾಸಗಿಯಾಗಿ ಅರ್ಜಿ ಹಾಕಿಸಿದೆ. ಹೂವು, ಹೂಜಿ, ಮನುಷ್ಯನ ತಲೆ, ಎಲ್ಲವನ್ನೂ ಬರೆದು ಮೊದಲ ವರ್ಷವೇ ಮುಗಿಸಿದರು. ಸೋತದ್ದು ಒಂದೇ ಒಂದರಲ್ಲಿ. ಕಲೆಯ ಚರಿತ್ರೆಯೆಂಬ ಪತ್ರಿಕೆಯಲ್ಲಿ ಇಬ್ಬರೂ ನೆಲಕಚ್ಚಿದರು.

ಏಕೆ ಸೋತರೆಂದು ತಿಳಿದಾಗ ನಾನು ನಕ್ಕೆ, ಆಮೇಲೆ ಅಳು ಬಂತು. ಅಜಂತಾ ಗುಹೆಯ ವರ್ಣಚಿತ್ರಗಳನ್ನು ವಿವರಿಸಿ ಎಂಬ ಪ್ರಶ್ನೆಗೆ ಇಬ್ಬರೂ, ಆ ಚಿತ್ರಗಳೆಲ್ಲ ಬೂದಿ ಬಣ್ಣದಲ್ಲಿವೆ ಎಂದು ಬರೆದಿದ್ದರು! ಅವರು ಓದಿದ್ದು ಲೈಬ್ರರಿಯ ಒಂದೇ ಒಂದು ಹಳೆಯ ಪುಸ್ತಕ, ಅದರಲ್ಲಿದ್ದ ಚಿತ್ರಗಳೆಲ್ಲ ಕಪ್ಪು ಬಿಳುಪಿನವು. ಕಂಡದ್ದನ್ನೇ ನಂಬಿದ್ದರು. ನಂಬಿದ್ದಷ್ಟೇ ಅಲ್ಲ, ಚೆನ್ನಾಜಮ್ಮ ಅದಕ್ಕೆ ಕಾರಣವನ್ನೂ ಕೊಟ್ಟಿದ್ದಳು: ಭಿಕ್ಷುಗಳು ಸಂಸಾರವನ್ನು ಬಿಟ್ಟವರಾದ್ದರಿಂದ ಬಣ್ಣಗಳನ್ನೂ ಬಿಟ್ಟು, ವಿಭೂತಿಯ ವರ್ಣವೊಂದನ್ನೇ ಇಟ್ಟುಕೊಂಡರು ಎಂದು. ಎಷ್ಟು ಚೆಂದದ ತರ್ಕ! ಪರೀಕ್ಷಕರು ಎದೆ ಹಿಡಿದುಕೊಂಡಿರಬೇಕು. ಪುಟ್ಟಬಸಪ್ಪನವರು ಮಾತ್ರ ನಗಲಿಲ್ಲ. “ಇನ್ನೊಂದ್ ಸಲ ಕಟ್ಲಿ ಮೇಷ್ಟ್ರೇ, ನಿಮ್ ಮಾತ್ಗೆ. ಅದ್ರಲ್ಲೂ ಓಯ್ತೋ, ಬೇಸ್ಗೆಗೆ ಲಗ್ನ. ಆಮ್ಯಾಕೆ ನನ್ ಕೇಳ್ಬೇಡಿ” ಎಂದರು. ಮಾತು ಕೊಟ್ಟರೆ ತಪ್ಪುವ ಮನುಷ್ಯನಲ್ಲ. ಪುಟ್ಟಮಾದುವಿಗಾದರೂ ಮರುವರ್ಷವೆಂಬುದು ಇತ್ತು. ಚೆನ್ನಾಜಮ್ಮನಿಗೆ ಇದ್ದದ್ದು ಅದೊಂದೇ ಅವಕಾಶ. ಆದ್ದರಿಂದ ಅವರಿಬ್ಬರಿಗೂ ಮನೆಪಾಠ ಹೇಳಬಲ್ಲ, ಚಿತ್ರಗಳನ್ನು ಬಲ್ಲ ಒಬ್ಬರನ್ನು ಹುಡುಕಿಕೊಡುವುದು ನನ್ನ ಹೊಣೆಯಾಯಿತು.

ಹುಡುಕಾಟದ ಕಥೆ ಹೇಳಿದರೆ ನೀವು ನಗುತ್ತೀರಿ. ನಿಮ್ಮನ್ನು ನಗಿಸುವುದಕ್ಕಾಗಿಯೇ ಹೇಳುತ್ತೇನೆ. ಲೆಕ್ಕಕ್ಕೆ, ಇಂಗ್ಲಿಷಿಗೆ ಮನೆಪಾಠ ಹೇಳುವವರು ನಮ್ಮ ಊರಿನ ಬೀದಿಗೊಬ್ಬರಿದ್ದಾರೆ. ಚಿತ್ರದ ಚರಿತ್ರೆಗೆ ಎಂದು ಕೇಳಿದರೆ, ಕೇಳಿಸಿಕೊಂಡವರು ನನ್ನ ತಲೆ ಸರಿಯಿದೆಯೇ ಎಂದು ನೋಡುತ್ತಿದ್ದರು. ದೇವರ ಪಟಗಳಿಗೆ ಚಿನ್ನದ ರೇಕು ಅಂಟಿಸುವ ಹುಚ್ಚಯ್ಯನವರನ್ನು ಕೇಳಿದೆ. “ನಾ ಬರ್ಯೋದು ಶಿವುನ್ನ. ಅವ್ನ್ಗೇ ಉಟ್ಟಿದ್ ತಾರೀಕಿಲ್ಲ, ಅವನ್ ಪಟುಕ್ಕೆ ಎಂತಾ ಚರಿತ್ರೆ ಬುಡಿ” ಎಂದು ಕುಂಚವನ್ನು ಬಾಯಿಗಿಟ್ಟುಕೊಂಡರು. ಗುಂಡ್ಲುಪೇಟೆಯಲ್ಲಿ ಒಬ್ಬ ವಕೀಲರ ಮನೆಯಲ್ಲಿ ಬೀರುವಿನ ತುಂಬ ಕಲೆಯ ಪುಸ್ತಕಗಳಿವೆಯೆಂದು ಯಾರೋ ಹೇಳಿದರು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಪುಸ್ತಕಗಳು ಇದ್ದದ್ದು ನಿಜ. ವಕೀಲರು ಬೀರುವಿನ ಗಾಜನ್ನು ಒರೆಸಿ ಹೊರಗಿನಿಂದಲೇ ತೋರಿಸಿ, ಬೀಗದ ಕೈ ಮಾವನವರ ಹತ್ತಿರ ಇದೆ ಎಂದು ಕಾಫಿ ಕೊಟ್ಟು ಕಳಿಸಿದರು.

ಹಿಂದಿರುಗುವ ಬಸ್ಸಿಗೆ ಹೊತ್ತಿತ್ತು. ಬಿಸಿಲು ತಾಳಲಾರದೆ ಬಸ್ಸು ನಿಲ್ಲುವ ಕಡೆ ಚಿಕ್ಕಮಲ್ಲಪ್ಪನವರ ದವಸದ ಅಂಗಡಿಯ ಜಗಲಿಯಲ್ಲಿ ಕೂತೆ. ನಮ್ಮ ಚೆನ್ನಾಜಮ್ಮನ ತಂದೆಗೆ ಅವರು ಬೇಕಾದವರು. ಕಂಡ ಕೂಡಲೇ ಮಜ್ಜಿಗೆ ತರಿಸಿಕೊಟ್ಟರು. ನನ್ನ ಸಂಕಟವನ್ನೆಲ್ಲ ಅವರೆದುರು ತೋಡಿಕೊಂಡು, ಬೂದಿ ಬಣ್ಣದ ಅಜಂತಾ ಎಂಬಲ್ಲಿಗೆ ಬಂದಾಗ ಒಳಗಿನ ಕತ್ತಲಿನಿಂದ ಒಂದು ಹೆಣ್ಣು ದನಿ ಕೇಳಿತು: “ಬೂದಿ ಬಣ್ಣ ಅಂತ ಯಾವ್ ಮುಂಡೇದು ಬರೀತು?” ಚಿಕ್ಕಮಲ್ಲಪ್ಪನವರು ನಾಚಿಕೆಯಿಂದ, “ನಮ್ಮಕ್ಕ ಕಣ್ರೀ, ಒಸಿ ಬಾಯ್ ಜೋರು” ಎಂದರು. ಅಕ್ಕ ಹೊರಗೇ ಬಂದುಬಿಟ್ಟರು. ಹಣೆತುಂಬ ವಿಭೂತಿ, ಬರಿಗೈ, ನೆಟ್ಟಗೆ ನಿಲ್ಲುವ ಮೈಕಟ್ಟು. ದೊಡ್ಡಮಲ್ಲಮ್ಮನೆಂದು ಹೆಸರು. ಅವರ ಯಜಮಾನರು ನಿಜಾಮರ ಕಾಲದಲ್ಲಿ ಅಜಂತಾದ ಗೋಡೆಗಳ ಮೇಲಿನ ಚಿತ್ರಗಳನ್ನು ನಕಲು ತೆಗೆಯುವ ಕೆಲಸಕ್ಕೆ ಹೋಗಿದ್ದರಂತೆ. ಈಕೆ ಹರೆಯದ ವರ್ಷಗಳನ್ನು ಅಲ್ಲಿಯೇ, ಗುಹೆಯ ಪಕ್ಕದ ಹಳ್ಳಿಯಲ್ಲಿ ಕಳೆದವರು. ಗುಹೆಯೊಳಗೆ ದೀಪದ ಹೊಗೆ ತಾಗಬಾರದೆಂದು ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಿಂದ ಒಳಕ್ಕೆ ತಿರುಗಿಸಿ, ಬಿಳಿಯ ಬಟ್ಟೆಯ ಮೇಲೆ ಬೀಳಿಸಿ, ಆ ಬೆಳಕಿನಲ್ಲಿ ನಕಲು ಬರೆಯುತ್ತಿದ್ದರಂತೆ. ಕನ್ನಡಿ ಹಿಡಿಯಲು ಬರಬೇಕಾದ ಆಳು ಬಾರದ ದಿನಗಳಲ್ಲಿ ಈಕೆಯೇ ಹಿಡಿದು, ಆಮೇಲೆ ಆ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲವಂತೆ. “ನಮ್ಮನೆಯವ್ರು ಕಾಗ್ದ ನೋಡೋರು, ನಾನು ಗ್ವಾಡೆ ನೋಡ್ತಿದ್ದೆ” ಎಂದು ಗರ್ವದಿಂದ ಹೇಳಿದರು. ಯಜಮಾನರು ಹೋದ ಮೇಲೆ ತಮ್ಮನ ಮನೆ ಸೇರಿದ್ದಾರೆ. ಕಚೇರಿಯವರು ಬೇಡವೆಂದು ಬಿಟ್ಟ ಕೆಲವು ಬಣ್ಣದ ನಕಲುಗಳು ಅವರ ಹತ್ತಿರ ಸುರುಳಿ ಸುತ್ತಿದಂತೆಯೇ ಉಳಿದಿದ್ದವು.

ಮಕ್ಕಳಿಗೆ ಪಾಠ ಹೇಳಿಕೊಡಿ ಎಂದು ನಾನು ಕೈ ಮುಗಿದೆ. ರಾಜರ ಹೆಸರು, ಇಸವಿ ಯಾವುದೂ ತನಗೆ ಗೊತ್ತಿಲ್ಲ, ಅದನ್ನು ಪುಸ್ತಕದಿಂದ ಮಕ್ಕಳೇ ಉರುಹೊಡೆಯಲಿ, ನೋಡುವುದನ್ನು ಮಾತ್ರ ತಾನು ಕಲಿಸುತ್ತೇನೆ ಎಂದರು. ಸಂಬಳದ ಮಾತೆತ್ತಿದ್ದಕ್ಕೆ ಗದರಿದರು. ಅವರು ಕೇಳಿದ್ದು ಒಂದನ್ನೇ: “ಆಳುದ್ದದ್ ಕನ್ನಡಿ ತತ್ತನ್ನಿ. ಬಿಸ್ಲಿಲ್ದೆ ನಾ ಪಾಠ ಮಾಡಾಕಿಲ್ಲ.” ನಕಲುಗಳನ್ನು ಅಂಗಳಕ್ಕೆ ತಂದು ಹರಡಿದರೆ ಸಾಲದೇ ಎಂದೆ. “ಒರಗ್ ತಂದ್ರೆ ಅದು ಬರೀ ಕಾಗ್ದ ಕಣಪ್ಪಾ” ಎಂದು ನನ್ನ ಬಾಯಿ ಮುಚ್ಚಿಸಿದರು.

ಕನ್ನಡಿಗೆ ನಾವು ಪಟ್ಟ ಪಾಡು ಕೇಳಿ. ಗುಂಡ್ಲುಪೇಟೆಯ ಕ್ಷೌರದಂಗಡಿಯವರನ್ನು ಬೇಡಿಕೊಂಡಾಗ, ಮಂಗಳವಾರ ಅಂಗಡಿ ರಜವಾದ್ದರಿಂದ ಆ ದಿನ ಮಾತ್ರ ಕೊಡುತ್ತೇನೆ ಎಂದರು. ಮೊದಲ ಪಾಠಗಳು ಮಂಗಳವಾರಗಳಲ್ಲಿ ನಡೆದವು. ಕನ್ನಡಿಯ ಮೂಲೆಯಲ್ಲಿ ಅವರು ಅಂಟಿಸಿದ್ದ ಸಿನಿಮಾ ನಟಿಯ ಚಿತ್ರದ ನೆರಳು ಪ್ರತಿಸಲವೂ ಬೋಧಿಸತ್ತ್ವನ ಭುಜದ ಮೇಲೆ ಹೋಗಿ ಕೂರುತ್ತಿತ್ತು. ವಾರಕ್ಕೊಂದೇ ದಿನ, ಅದೂ ಮೋಡ ಕವಿದರೆ ಇಲ್ಲ. ಹೀಗಾದರೆ ಪರೀಕ್ಷೆ ಬರುವುದರೊಳಗೆ ಮುಗಿಯುವುದಿಲ್ಲ ಎಂದು ಚೆನ್ನಾಜಮ್ಮ ಕಣ್ಣೊರೆಸಿಕೊಂಡ ಸಂಜೆ, ನನಗೆ ನಮ್ಮ ಒಳಕೋಣೆಯ ನೆನಪಾಯಿತು. ಅಲ್ಲಿ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ನಿಂತಿದ್ದ ನಿಮ್ಮ ಮದುವೆಯ ಬೀಟೆ ಚೌಕಟ್ಟಿನ ಕನ್ನಡಿಯ ನೆನಪು. ಭಾವನವರು ತೀರಿಕೊಂಡ ಮೇಲೆ ಇನ್ನು ನನ್ನ ಮುಖ ನೋಡಿಕೊಳ್ಳಲಾರೆ ಎಂದು ಗಾಡಿಯಲ್ಲಿ ಹಾಕಿಸಿ ನಮ್ಮ ಮನೆಗೆ ಕಳಿಸಿಬಿಟ್ಟಿದ್ದಿರಿ. ಯಾರೂ ಹಾಗೆ ಮಾಡೆಂದು ನಿಮಗೆ ಹೇಳಿರಲಿಲ್ಲ.

ನಿಮ್ಮ ಒಪ್ಪಿಗೆ ಬಂದ ಕೂಡಲೇ ಪುಟ್ಟಮಾದುವೂ ನಾನೂ ಅದನ್ನು ಬಸ್ಸಿನಲ್ಲಿ ಸಾಗಿಸಿದೆವು. ಮೇಲೆ ಹಾಕಿದರೆ ಒಡೆಯುತ್ತದೆಂದು ಅವನು ತನ್ನ ತೊಡೆಯ ಮೇಲೆ ನಿಲ್ಲಿಸಿಕೊಂಡು ತಬ್ಬಿ ಕೂತ. ದಾರಿಯಲ್ಲಿ ಕಂಬಳಿ ಜಾರಿತು. ಬಸ್ಸಿನಲ್ಲಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಮೀಸೆ ತಿರುವಿಕೊಂಡರು. ಕಂಡಕ್ಟರು ಬಂದು ಗಂಭೀರವಾಗಿ, “ಟಿಕೀಟ್ ತಗೊಳ್ಳಿ ಸಾ, ಒಳಗಿರೋರ್ಗೂ ಸೇರ್ಸಿ” ಎಂದ. ತೆರಕಣಾಂಬಿಯಲ್ಲಿ ಹತ್ತಿದ ಒಬ್ಬ ಮುದುಕಿ ಕನ್ನಡಿಯೊಳಗಿನ ಮುದುಕಿಗೆ, “ಒಸಿ ಸರ್ಕೊ ಕಣವ್ವ” ಎಂದಳು. ನೀವು ಇದ್ದಿದ್ದರೆ ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದಿರಿ, ಮೊದಲಿನ ಹಾಗೆ.

ಪಾಠ ನಡೆಯುತ್ತಿದ್ದದ್ದು ಅಂಗಡಿಯ ಹಿಂದಿನ ಉಗ್ರಾಣದಲ್ಲಿ. ಹುರುಳಿಯ ಮೂಟೆಗಳ ಹಿಂದಿನ ಗೋಡೆಗೆ ನಕಲುಗಳನ್ನು ತೂಗುಹಾಕಿದ್ದರು. ಮೊದಲ ದಿನವೇ ಒಂದು ತೊಡಕು ಬಂದಿತ್ತು. ಪುಟ್ಟಮಾದು ಬಾಗಿಲಾಚೆ ಅಂಗಳದಲ್ಲಿಯೇ ನಿಂತ. ಚಿಕ್ಕಮಲ್ಲಪ್ಪನವರು ಒಳಗೆ ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಳ್ಳುತ್ತ ನಿಂತರು. ದೊಡ್ಡಮಲ್ಲಮ್ಮನವರು ತಮ್ಮನ ಕಡೆ ತಿರುಗಿ, “ಮೂಟೆ ಹೊರಾಕೆ ಇವ್ರ ಅಪ್ಪದೀರು ಒಳಕ್ ಬತ್ತಿದ್ರಲ್ಲ, ಆಗ ನಿನ್ ಉಳ್ಳಿ ಕೆಟ್ಟೋಯ್ತಾ? ಬಾ ಮಗಾ, ಅಲ್ಲಿಂದ ಗ್ವಾಡೆ ಕಾಣಾಕಿಲ್ಲ” ಎಂದರು. ಹುಡುಗ ಒಳಗೆ ಬಂದ. ಚಿಕ್ಕಮಲ್ಲಪ್ಪನವರು ಅಂಗಡಿಗೆ ಹೋದರು. ಒಳ್ಳೆಯವರು ಅವರು, ನಾಲ್ಕಾರು ಪಾಠಗಳಾದ ಮೇಲೆ ತಾವೇ ಬಂದು ಮೂಟೆಯ ಮೇಲೆ ಕೂತು ನೋಡತೊಡಗಿದರು.

ದೊಡ್ಡಮಲ್ಲಮ್ಮನವರ ಪಾಠದ ಕ್ರಮವನ್ನು ನಾನು ಶಾಲೆಯಲ್ಲಿ ಎಷ್ಟು ವರ್ಷ ಕಲಿಸಿದ್ದರೂ ಕಲ್ಪಿಸಿಕೊಳ್ಳುತ್ತಿರಲಿಲ್ಲ. ಅಂಗಳದ ಬಿಸಿಲಿನಲ್ಲಿ ಅವರು ಕನ್ನಡಿ ಹಿಡಿದು ನಿಲ್ಲುವರು. ಕತ್ತಲಿನಲ್ಲಿ ಬೆಳಕಿನ ಒಂದು ತುಂಡು ಹೋಗಿ ಚಿತ್ರದ ಯಾವುದೋ ಮೂಲೆಯ ಮೇಲೆ ಕೂರುವುದು. “ಏನ್ ಕಾಣ್ತದೆ?” ಎಂಬುದು ಅವರ ಏಕಮಾತ್ರ ಪ್ರಶ್ನೆ. ಚೆನ್ನಾಜಮ್ಮ ಪುಸ್ತಕದ ಮಾತಿಗೆ ಪಳಗಿದವಳು. “ಭವ್ಯವಾದ ಭಾವಾಭಿವ್ಯಕ್ತಿ ಕಾಣ್ತದೆ” ಎಂದಳು. ಥಟ್ಟನೆ ಬೆಳಕು ಹೋಯಿತು. ಕನ್ನಡಿ ತಿರುಗಿಸಿಬಿಟ್ಟಿದ್ದರು. ಹೊರಗಿನಿಂದ ದನಿ ಬಂತು: “ಭವ್ಯ ಅಂದ್ರೆ ಯಾವ್ ಬಣ್ಣ ಕಣಮ್ಮಿ?” ಪುಟ್ಟಮಾದು ನಕ್ಕ. ಮುಂದಿನ ಸರದಿ ಅವನದು, ಅವನು “ಅದ್ಭುತ” ಎಂದು ಕತ್ತಲಿನಲ್ಲಿ ಉಳಿದ. ಹೀಗೆ ಎಷ್ಟೋ ದಿನ ಮಕ್ಕಳು ಕತ್ತಲಿನಲ್ಲಿಯೇ ಕೂತು ಬಂದರು. ಮೆಲ್ಲಮೆಲ್ಲಗೆ ದೊಡ್ಡ ಮಾತುಗಳು ಉದುರಿದವು. ಇದು ಭೀಮನಬೀಡಿನ ಹೊಲದ ಮಣ್ಣಿನ ಕೆಂಪು, ಮಳೆ ಬಿದ್ದ ಮಾರನೆಯ ದಿನದ್ದು ಎಂದು ಪುಟ್ಟಮಾದು ಹೇಳಿದ ದಿನ ಬೆಳಕು ಬಹಳ ಹೊತ್ತು ಅಲ್ಲಿಯೇ ನಿಂತಿತ್ತು. ಇದು ಚಿಗುರೆಲೆಯ ಹಸುರಲ್ಲ, ಗಾಡಿಯಲ್ಲಿ ಬಂದು ಬಾಡಿದ ಎಲೆಯ ಹಸುರು ಎಂದು ಚೆನ್ನಾಜಮ್ಮ ಹೇಳಿದಾಗ ದೊಡ್ಡಮಲ್ಲಮ್ಮನವರು ಒಳಗೆ ಬಂದು ಅವಳ ತಲೆ ಸವರಿದರು.

ಒಂದು ನಕಲಿನಲ್ಲಿ ಒಬ್ಬ ರಾಣಿ ಮೂರ್ಛೆ ಹೋಗಿ ಕುಸಿದಿದ್ದಾಳೆ. ನಾವೆಲ್ಲ ನೋಡುತ್ತಿದ್ದದ್ದು ಅವಳ ಮುಖವನ್ನು. ಬೆಳಕು ಸ್ವಲ್ಪ ಜಾರಿದಾಗ ಚೆನ್ನಾಜಮ್ಮ ತಟ್ಟನೆ, “ಅಯ್ಯೋ, ಇವ್ಳ್ನ ಹಿಂದ್ಗಡೆಯಿಂದ ಯಾರೋ ಹಿಡ್ಕೊಂಡವ್ರೆ! ಕಂಕುಳ್ ಕೆಳಗ್ ಕೈ ಅದೆ ನೋಡಿ” ಎಂದಳು. ಹಿಡಿದವಳ ಮುಖ ನೆರಳಿನಲ್ಲಿ ಮುಳುಗಿತ್ತು. ಕೈ ಮಾತ್ರ ಸ್ಪಷ್ಟವಾಗಿತ್ತು. ಅಂಗಳದಲ್ಲಿ ಕನ್ನಡಿ ಅಲುಗಾಡಿತು, ಬೆಳಕು ಗೋಡೆಯ ಮೇಲೆ ನಡುಗಿತು. ಏನಾಯಿತೆಂದು ನಾನು ಹೊರಗೆ ಓಡಿದೆ. ದೊಡ್ಡಮಲ್ಲಮ್ಮನವರು ಅಳುತ್ತಿದ್ದರು. “ಆ ಕೈನ ನಾನೊಬ್ಳೇ ಕಂಡಿದ್ದೆ ಅಂದ್ಕಂಡಿದ್ದೆ” ಎಂದರು, ಅಷ್ಟೇ.

ಪರೀಕ್ಷೆಯಲ್ಲಿ ನೀವು ಕಂಡ ಒಂದು ಚಿತ್ರವನ್ನು ವರ್ಣಿಸಿ ಎಂದು ಕೇಳಿದ್ದರಂತೆ. ಚೆನ್ನಾಜಮ್ಮ ಆ ಕೈಯೊಂದರ ಮೇಲೆಯೇ ಪುಟಗಟ್ಟಲೆ ಬರೆದು ಬಂದಿದ್ದಳು. ರಾಣಿಯನ್ನು ಬಿಟ್ಟು ಕೈಯನ್ನು ಬರೆದಳಲ್ಲ, ಪರೀಕ್ಷಕರು ಒಪ್ಪುವರೋ ಇಲ್ಲವೋ ಎಂದು ನಾನು ಹೆದರಿದ್ದೆ. ಮೊನ್ನೆ ಪತ್ರಿಕೆಯಲ್ಲಿ ಇಬ್ಬರ ನಂಬರುಗಳೂ ಬಂದವು. ಪುಟ್ಟಮಾದು ಸುದ್ದಿ ತಿಳಿದು ನಮ್ಮ ಹಿತ್ತಲಿನ ಬಾವಿಯಿಂದ ನೀರು ಸೇದಿ ಸೇದಿ ಗಿಡಗಳಿಗೆಲ್ಲ ಹಾಕಿದ. ಸಂತೋಷ ಬಂದರೆ ಅವನಿಗೆ ಕೆಲಸ ಬೇಕು. ಪುಟ್ಟಬಸಪ್ಪನವರು ಒಂದು ಕವಳಿಗೆ ಎಲೆ ಹಿಡಿದು ಬಂದು, “ಫೇಲಾಗಿದ್ರೆ ಗಂಡು ಸಿಗಾದು ಸಲೀಸಿತ್ತು ಮೇಷ್ಟ್ರೇ. ಈಗ ಮೇಡಮ್ಮಾರ್ಗೆ ಎಲ್ಲಿಂದ ತರನ?” ಎಂದು ದೂರುತ್ತಲೇ, ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಮಗಳು ಮೇಡಮ್ಮನಾಗುತ್ತಾಳೆಂದು ತಾವೇ ಸಾರಿಕೊಂಡು ಬಂದಿದ್ದರು. ಲಗ್ನದ ಮಾತನ್ನು ಅವಳಿಗೆ ಕೆಲಸ ಸಿಕ್ಕಿದ ಮೇಲೆ, ಅವಳನ್ನು ಕೇಳಿಯೇ ಎತ್ತುವುದಾಗಿ ನನ್ನೆದುರು ಒಪ್ಪಿಕೊಂಡರು.

ಈ ಎಲ್ಲದರ ಹಿಂದೆ ನಿಮ್ಮ ಕನ್ನಡಿಯಿದೆ, ಅಕ್ಕಯ್ಯಾ. ಅದು ಒಡೆದಿಲ್ಲ. ಮಕ್ಕಳು ಪ್ರತಿದಿನ ಪಾಠ ಮುಗಿದ ಮೇಲೆ ಅದನ್ನು ಒರೆಸಿ, ಕಂಬಳಿ ಹೊದಿಸಿ, ಶರಣು ಮಾಡಿ ಇಡುತ್ತಿದ್ದರು. ಇದು ಮಳವಳ್ಳಿ ಅತ್ತೆಯವರದು ಎಂದು ಅವರಿಗೆ ನಾನು ಹೇಳಿದ್ದೆ. ಇಬ್ಬರೂ ನಿಮ್ಮ ಪಾದಕ್ಕೆ ಶರಣು ಬರೆಯಲು ಹೇಳಿದ್ದಾರೆ. ನಿಮ್ಮ ಮೈದುನರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಇಷ್ಟು ಉದ್ದದ ಕಾಗದವನ್ನು ಓದಿ ಹೇಳಿದ ಹುಡುಗನಿಗೆ ಒಂದು ಉಂಡೆ ಬೆಲ್ಲ ಕೊಡಿ. ನಿಮ್ಮ ಹರಕೆ ನನ್ನ ಮೇಲೂ ಈ ಮಕ್ಕಳ ಮೇಲೂ ಇರಲಿ.

ನಿಮ್ಮ ತಮ್ಮ,
ಶಾಂತಮಲ್ಲಪ್ಪ

ಮರೆತ ಮಾತು: ಟಪಾಲು ಹೊರಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಈ ಪಾಠದ ಸುದ್ದಿ ಹರಡಿ, ಜೂನಿನಿಂದ ಇನ್ನಷ್ಟು ಮಕ್ಕಳು ಬರುತ್ತೇವೆಂದು ಹಟ ಹಿಡಿದಿದ್ದಾರೆ. ದೊಡ್ಡಮಲ್ಲಮ್ಮನವರ ತೋಳು ಈಗ ಕನ್ನಡಿಯ ಭಾರ ತಾಳುತ್ತಿಲ್ಲ. ಒಳಗೆ ಮಕ್ಕಳ ಪಕ್ಕದಲ್ಲಿ ಕೂತು ತೋರಿಸಲು ಅವರು ಸಿದ್ಧ, ಹೊರಗೆ ಹಿಡಿಯುವವರು ಬೇಕು. ಚೆನ್ನಾಜಮ್ಮ ಹಿಡಿಯುತ್ತೇನೆಂದಳು. “ನೀನು ನೋಡೋಳು, ಸುಮ್ಕಿರು” ಎಂದು ಅವಳನ್ನು ತಡೆದು, ನನ್ನನ್ನು ಕೇಳಿದರು: “ಈ ಕನ್ನಡಿ ಯಾರ್ದೋ, ಅವ್ರೆಲ್ಲವ್ರೆ?” ನಾನು ನಿಮ್ಮ ವಿಷಯ ಹೇಳಿದೆ. ನೀವು ಕನ್ನಡಿ ನೋಡುವುದನ್ನು ಬಿಟ್ಟಿದ್ದೀರಿ ಎಂಬುದನ್ನೂ ಹೇಳಿದೆ. ಹಾಗಾದರೆ ಅವರೇ ಬಂದು ಹಿಡಿಯಲಿ ಎಂದರು. ಮುಂದಿನ ಸೋಮವಾರ ನಾನೂ ಚೆನ್ನಾಜಮ್ಮನೂ ಮಳವಳ್ಳಿಗೆ ಬರುತ್ತೇವೆ, ನಿಮ್ಮನ್ನು ಕರೆದುಕೊಂಡೇ ಹಿಂದಿರುಗುತ್ತೇವೆ. ದಯವಿಟ್ಟು ನಂಗ್ಯಾಕೆ ಎಂದು ಬರೆಸಬೇಡಿ. ಅವರು ನಿಮಗೆ ತಲುಪಿಸಲು ಹೇಳಿದ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ: “ನಿಮ್ಮಕ್ಕುಂಗೆ ಹೇಳಪ್ಪಾ, ಹಿಡಿಯೋರ್ಗೆ ಕಾಣಾದು ಕನ್ನಡಿ ಬೆನ್ನು. ಅದ್ರ ಮ್ಯಾಗ್ಲಿಂದ ನೋಡುದ್ರೆ, ಮಕ್ಳ ಮಖ.”